ನನ್ನ ಪಾಸ್‌ವರ್ಡ್ ಓದಿ ಹೇಳಿದ ಪುಣ್ಯಾತ್ಮ

ನಿಮ್ಮ ಪಾಸ್‌ವರ್ಡನ್ನು ಯಾರಾದರೂ ನಿಮಗೇ ಫೋನಿನಲ್ಲಿ ಓದಿ ಹೇಳಿದ್ದಾರೆಯೇ? ನನಗೆ ಕಳೆದ ವಾರ ಆ ಭಾಗ್ಯ ಒದಗಿತು.

ನಮ್ಮ ದಿಲ್‌ಸುಖ್‌ನಗರದ ಕನ್ನಡ ಬಳಗಕ್ಕೆ ಒಂದು ವಧು-ವರರ ವೆಬ್‌ಸೈಟ್ ಇದೆ. ತಂಗಿಯ ಮಗಳು ಅಶ್ವಿನಿಯ ಫೋಟೊ, ವಿಳಾಸ, ಮೊಬೈಲ್ ನಂಬರ್ ಎಲ್ಲ ಅದರಲ್ಲಿ ತುಂಬಿದವಳು ನಾನೇ. (ಅವಳನ್ನು ಒಪ್ಪಿಸಲು ಪಟ್ಟ ಪಾಡು ಬೇರೆಯೇ ಕಥೆ.) ಕಳೆದ ವಾರ ಅದನ್ನು ತೆರೆಯಲು ಹೋದರೆ ಪಾಸ್‌ವರ್ಡ್ ಮರೆತುಹೋಗಿತ್ತು. ಸೈಟ್ ಮಾಡಿಕೊಟ್ಟ ಗುರುರಾಜರಿಗೆ ಫೋನ್ ಹಚ್ಚಿದೆ.

“ಗಾಬರಿ ಆಗಬ್ಯಾಡ್ರಿ ಅಕ್ಕಾರ, ಇಲ್ಲೇ ಕಾಣಾಕತ್ತೈತಿ. ಬರ್ಕೋರಿ,” ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಅದು ನಾನು ಗಂಡನನ್ನು ಮನೆಯೊಳಗೆ ಕರೆಯುವ ಹೆಸರು! ನನ್ನ ಇಮೇಲ್‌ಗೂ ಅದೇ ಪಾಸ್‌ವರ್ಡ್. (ನಿಮ್ಮದೂ ಹಾಗೇ, ಸುಮ್ಮನಿರಿ.)

ಭಾನುವಾರ ಊಟಕ್ಕೆ ಬಂದ ಅಶ್ವಿನಿಗೆ ಇದನ್ನು ನಗುತ್ತ ಹೇಳಿದೆ. ಅವಳು ನಗಲಿಲ್ಲ. ಅವಳ ನೌಕರಿಯೇ ವೆಬ್‌ಸೈಟ್ ಕಟ್ಟುವುದು. ತಾಟು ಸರಿಸಿ ಲ್ಯಾಪ್‌ಟಾಪ್ ಎಳೆದುಕೊಂಡಳು. ಲಾಗಿನ್ ಕೂಡ ಆಗದೆ ತನ್ನ ಪುಟ ತೆರೆದಳು. ಪುಟದ ವಿಳಾಸದ ಕೊನೆಯಲ್ಲೊಂದು ಸಂಖ್ಯೆ ಇತ್ತು. ಅದನ್ನು ಬದಲಿಸಿದಳು, ಅಷ್ಟೇ. ಕಾಚಿಗೂಡದ ಯಾರದೋ ಮನೆಯ ಮಗಳು ಕಣ್ಣೆದುರು ಬಂದಳು. ಫೋಟೊ, ಮನೆ ನಂಬರು, ಮೊಬೈಲು, ಎಲ್ಲ.

“ಮೌಶಿ, ಈಗೀಗ ಯಾರ್ಯಾರೋ ಫೋನ್ ಮಾಡಾಕತ್ತಾರ. ಒಬ್ಬಾಂವ ನಾ ಯಾವ ಓಣ್ಯಾಗ ಇರ್ತೀನಿ ಅಂತನೂ ಹೇಳಿದ. ಅವಂಗ ಹೆಂಗ ಗೊತ್ತಾತು ಅಂತ ಈಗ ತಿಳೀತು.”

ನನ್ನ ಮೈಯೆಲ್ಲ ಉರಿದುಹೋಯಿತು. ಹುಡುಗಿ ಇಷ್ಟು ದಿನ ಹೆದರಿಕೊಂಡು ಓಡಾಡಿದ್ದು ನಾನು ತುಂಬಿದ ಮಾಹಿತಿಯಿಂದ!

ಅಶ್ವಿನಿ ಹೇಳಿದ ಪ್ರಕಾರ, ಪಾಸ್‌ವರ್ಡ್ ಎಂಬುದು ಸೈಟ್ ಮಾಡಿದವನಿಗೂ ಕಾಣಬಾರದಂತೆ. ಮರೆತರೆ ಹೊಸದು ಮಾಡಿಕೊಳ್ಳಲು ಲಿಂಕ್ ಕಳಿಸಬೇಕಂತೆ, ಅಷ್ಟೇ. ಲಾಗಿನ್, ಪಾಸ್‌ವರ್ಡ್ ಬಚ್ಚಿಡುವುದು, ಯಾರ ಪುಟ ಯಾರಿಗೆ ಕಾಣಬೇಕೆಂದು ನಿರ್ಧರಿಸುವುದು, ಇವಕ್ಕೆಲ್ಲ ಸಿದ್ಧ ವ್ಯವಸ್ಥೆ ಇರುವ ಚೌಕಟ್ಟುಗಳಿವೆ. ಅವೇ ಫ್ರೇಮ್‌ವರ್ಕ್. ಊರೂರಿನ ಜನ ಬಳಸಿ, ತಪ್ಪು ಹುಡುಕಿ, ತಿದ್ದಿ ಇಟ್ಟಿದ್ದಾರೆ. ಎಷ್ಟೋ ಪುಕ್ಕಟೆ ಸಿಗುತ್ತವೆ. “ಅದನ್ನ ಬಳಸಿದ್ರೂ ತಪ್ಪು ಆಗ್ತಾವ ಮೌಶಿ. ಆದ್ರ ಪಾಸ್‌ವರ್ಡ್ ಹಿಂಗ ಕಾಣೋಹಂಗ ಇಡಬೇಕಂದ್ರ ಬೇಕಂತ ಮಾಡಬೇಕು,” ಅಂದಳು.

ಗುರುರಾಜರಿಗೆ ಮತ್ತೆ ಫೋನ್ ಮಾಡಿದೆ. ಫ್ರೇಮ್‌ವರ್ಕ್ ಯಾಕೆ ಬಳಸಲಿಲ್ಲ?

“ಅದೆಲ್ಲಾ ಕೈಲಾಗದವ್ರ ಕೆಲಸಾರಿ. ಮಂದಿ ಬರದಿದ್ದು ನಮಗ್ಯಾಕ? ಒಂದೊಂದು ಸಾಲೂ ನಾನ ಬರದೀನಿ. ಅದೂ ಒಂದು ಪೈಸೆ ತಗೊಳ್ದ!”

ಇಲ್ಲಿದೆ ನೋಡಿ ರೋಗ. ಎಲ್ಲವನ್ನೂ ನಾನೇ ಮಾಡಿದೆ ಎಂಬ ಈ ಜಂಬ! ಸ್ವಂತ ಮನೆ ಕಟ್ಟಿಸುವವನೂ ಬೀಗವನ್ನು ಅಂಗಡಿಯಿಂದಲೇ ತರುತ್ತಾನಲ್ಲವೇ? ತಗಡು ಬಗ್ಗಿಸಿ ತಾನೇ ಬೀಗ ಮಾಡಿ, ಅದನ್ನು ಪರರ ಮನೆಗೆ ಹಾಕಿ, ಮೇಲೆ ಶಾಲು ಹೊದಿಸಿಕೊಳ್ಳುತ್ತಾನೆಯೇ? (ಗುರುರಾಜರಿಗೆ ಬಳಗ ಶಾಲು ಹೊದಿಸಿದೆ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.) ಪುಕ್ಕಟೆ ಮಾಡಿದ್ದಾರೆ, ಏನನ್ನಬೇಕು ಎಂಬ ದಾಕ್ಷಿಣ್ಯ ನಮಗೆ. ಸೇವೆ ಅಂದಮೇಲೆ ತಪ್ಪು ಕೇಳಲೇಬಾರದೇ? ದಾಕ್ಷಿಣ್ಯ ನಮ್ಮದು, ರಾತ್ರಿ-ಹಗಲು ಹೆದರಬೇಕಾದವರು ಮನೆಯ ಹುಡುಗಿಯರು!

ಸೈಟನ್ನು ಇವತ್ತೇ ಬಂದ್ ಮಾಡಿ ಅಂದೆ. ಅವರಿಗೆ ನೋವಾಯಿತು.

“ನೋಡೋರೆಲ್ಲಾ ನಮ್ಮ ಮಂದೀನ ಅದಾರಲ್ರಿ. ನಂಬಿಕಿ ಇಲ್ಲೇನ್ರಿ ಅಕ್ಕಾರ?”

ಅವರೂ ಮಗಳಿಗೆ ವರ ಹುಡುಕುತ್ತಿರುವುದು ಬಳಗಕ್ಕೆಲ್ಲ ಗೊತ್ತು. ಅವಳ ಪುಟ ಯಾವ ನಂಬರಿನಲ್ಲಿದೆ ಎಂದು ಕೇಳಿದೆ.

“ಆಕೀದು ಹಾಕಿಲ್ರಿ. ಯಾರ್ಯಾರೋ ನೋಡ್ತಾರ, ಬ್ಯಾಡ ಅಂದ್ಳು ನಮ್ಮ ಮನಿಯಾಕಿ.”