ಲವಂಗದ ಡಬ್ಬಿಯೊಳಗಿನ ಕೀಲಿಕೈ

ಮೊನ್ನೆ ಕಪಾಟು ಒರೆಸುವಾಗ ಹಿಂದಿನ ಮೂಲೆಯಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಲವಂಗದ ವಾಸನೆ, ಇನ್ನೂ... ಒಳಗೊಂದು ಪೆನ್‌ಡ್ರೈವ್. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ರಾಮದುರ್ಗದ ಕಂಪ್ಯೂಟರ್ ಕ್ಲಾಸಿನಲ್ಲಿ ನನಗೆ ಕಲಿಸಿದವರ ಡಬ್ಬಿ ಅದು. ಎಲ್ಲರಿಗೂ ಅವರು ಅಕ್ಕಾರು. ಸಿರಸಂಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದರು, ದವಡೆಯಲ್ಲಿ ಸದಾ ಒಂದು ಲವಂಗ. ಹುಡುಗಿಯರಿಗಾಗಿ ಕನ್ನಡದಲ್ಲಿ ತಾವೇ ಬರೆದ ಪಾಠಗಳನ್ನು ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ಇಟ್ಟು, ಇಂಟರ್ನೆಟ್ ಮೂಲಕ ಪಾಸ್‌ವರ್ಡ್ ಹಾಕಿ ತೆರೆಯುತ್ತಿದ್ದರು. ಕಲಿತು ಮುಗಿಸಿ ನಾನೂ ಅಲ್ಲೇ ಕೆಲಸಕ್ಕೆ ಸೇರಿದೆ. ನಾಲ್ಕಕ್ಷರ ಹೆಚ್ಚು ತಿಳಿದ ಜಂಬ ಬೇರೆ. ಪಾಸ್‌ವರ್ಡ್ ಯಾರಾದರೂ ಕದ್ದಾರು, ಕೀಲಿಕೈ ಪದ್ಧತಿ ಮಾಡೋಣ ಎಂದೆ. ಒಬ್ಬೊಬ್ಬರದೂ ಒಂದು ಬೀಗದಂಥ ಫೈಲು ದೂರದ ಕಂಪ್ಯೂಟರಿನಲ್ಲಿ, ಅದಕ್ಕೆ ಹೊಂದುವ ಕೀಲಿಕೈ ಫೈಲು ನಮ್ಮ ಬಳಿ. ಅಕ್ಕಾರು ತಮ್ಮದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಲವಂಗದ ಡಬ್ಬಿಯಲ್ಲಿ ಜೋಪಾನ ಮಾಡಿದರು.

ನಾನು ಅಲ್ಲಿ ನನ್ನ ಬೀಗದ ಫೈಲು ಹಾಕಿ, ಪಾಸ್‌ವರ್ಡಿನ ದಾರಿ ಮುಚ್ಚಿದೆ. ಅವರ ಬೀಗ ಹಾಕುವುದನ್ನೇ ಮರೆತೆ; ಅದಿಲ್ಲದೆ ಅವರ ಕೀಲಿಕೈ ನಡೆಯದು.

ಮರುದಿನ ತುಂಬಿದ ಕ್ಲಾಸಿನಲ್ಲಿ ಅಕ್ಕಾರಿಗೆ ಪಾಠ ತೆರೆಯಲಾಗಲಿಲ್ಲ. ತಪ್ಪು ನನ್ನದೆಂದು ನನಗೆ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಆದರೆ ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು.

“ನೀವು ಕೀಲಿಕೈ ಕೆಡಿಸೀರಿ ಕಾಣಸ್ತೈತ್ರಿ, ಅಕ್ಕಾರ,” ಎಂದೆ.

“ಹೌದೇನಪಾ... ನಾನ ಏನರ ಒತ್ತಿರಬೇಕು.” ಹುಡುಗಿಯರತ್ತ ತಿರುಗಿ ಕೈಮುಗಿದರು. “ನನ್ನಿಂದ ಇವತ್ತ ಪಾಠ ತಪ್ಪಿತ್ರೆವಾ.”

ನಾಚಿಕೆಯೆಂದರೆ ಏನೆಂದು ನನಗೆ ಆ ಮುಗಿದ ಕೈ ನೋಡಿದಾಗ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ. ಸಂಜೆ ಹೊಸ ಕೀಲಿಕೈ ಮಾಡಿಕೊಡುವ ನಾಟಕ ಹೂಡಿದೆ. ಅವರು ಬೇಡವೆಂದರು.

“ನೀನ ನೋಡಕೋಪಾ. ಇದನ್ನೂ ನೀನ ಇಟ್ಕೋ. ನಾ ಮತ್ತ ಏನರ ಕೆಡಿಸೇನು,” ಎಂದು ಡಬ್ಬಿ ಸಮೇತ ನನ್ನ ಕೈಗಿಟ್ಟರು.

ಆಮೇಲೆ ಅವರು ಕಂಪ್ಯೂಟರ್ ಮುಟ್ಟಲು ಹೆದರುತ್ತಿದ್ದರು. ವರ್ಷ ತುಂಬುವ ಮೊದಲೇ ಕ್ಲಾಸನ್ನೂ ಬಿಟ್ಟರು. ಹೋಗಿ ಹೇಳಬೇಕು, ಹೇಳಬೇಕು ಎಂದುಕೊಂಡೇ... ಸಿರಸಂಗಿಯೇನು ದೂರವೇ? ಮುಖ ತೋರಿಸುವ ಧೈರ್ಯ ಬರಲಿಲ್ಲ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಅವರ ಪಾಠಗಳು ಇನ್ನೂ ಅದೇ ಕಂಪ್ಯೂಟರಿನಲ್ಲಿವೆ. ಮೊನ್ನೆ, ಅಂದು ಮರೆತದ್ದನ್ನು ಮಾಡಿದೆ. ಅವರ ಬೀಗವನ್ನು ಅಲ್ಲಿ ಹಾಕಿ, ಡಬ್ಬಿಯ ಕೀಲಿಕೈ ಹಚ್ಚಿದೆ. ಮರುಮಾತಿಲ್ಲದೆ ತೆರೆಯಿತು. ಪರದೆಯ ಮೇಲೆ ಅಕ್ಕಾರ ಹೆಸರು...

ಅವರು ಏನೂ ಕೆಡಿಸಿರಲಿಲ್ಲ. ಈ ಮಾತು ಕೇಳಬೇಕಾಗಿದ್ದವರು ಅವರೊಬ್ಬರೇ.