ಮಗ್ಗದಿಂದ ಎದ್ದು ಬಂದ ಅವ್ವ

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬರುತ್ತದಲ್ಲ, ನಿಮಗೆ ಅದರಿಂದ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ರಬಕವಿಯ ನಮ್ಮ ಮನೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಸೋಮವಾರ ಕಪಾಟು ಓರಣ ಮಾಡುವುದು ನನ್ನ ನೇಮ. ಸಾಲೆಯಿಂದ ನಿವೃತ್ತಳಾದೆ, ಆದರೆ ನನ್ನ ವೇಳಾಪತ್ರಿಕೆಗೆ ನಿವೃತ್ತಿ ಸಿಕ್ಕಿಲ್ಲ ಎಂದು ಮನೆಯವರು ನಗುತ್ತಾರೆ.

ಆ ಮನೆಯ ಪಡಸಾಲೆಯಲ್ಲಿ ಒಂದೇ ಕುಣಿಮಗ್ಗ. ಅಪ್ಪ, ಅವ್ವ ಸರದಿಯಂತೆ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ಅಪ್ಪನಿಗೆ ಕೆಮ್ಮು ಹೆಚ್ಚಾದ ಮೇಲೆ ಸರದಿ ಹೆಸರಿಗಷ್ಟೇ ಉಳಿಯಿತು. ನೇಯುವುದೆಲ್ಲ ಅವ್ವ, ಸೀರೆಯನ್ನು ನೇಕಾರರ ಸೊಸೈಟಿಗೆ ಒಯ್ಯುವುದು ಅಪ್ಪ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನೇಕಾರರ ಯಾದಿ ಮಾಡಲು ಸಾಹೇಬರೊಬ್ಬರು ಬಂದರು. ಅಪ್ಪ ಮನೆಯಲ್ಲಿರಲಿಲ್ಲ. ಅವ್ವ ಮಗ್ಗ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ನಿಮ್ಮ ಕೆಲಸ ಕೆಡಿಸಿದೆ ನೋಡ್ರಿ ತಾಯಿ," ಎಂದರು ಅವರು. "ಮನಿ ಯಜಮಾನರ ಹೆಸರೇನ್ರಿ?"

ಗಂಡನ ಹೆಸರು ಹೇಳುವುದುಂಟೆ? ಅವ್ವ ಕದದ ಮರೆಗೆ ಸರಿದು ಪಕ್ಕದ ಮನೆಯ ಕಟ್ಟೆಯತ್ತ ಕೈಮಾಡಿದಳು. ಅಲ್ಲಿ ಕೂತಿದ್ದ ಕಾಕಾ, ಅಪ್ಪನ ತಮ್ಮ, ಎದ್ದು ಬಂದ.

"ಗಂಡನ ಹೆಸರು ಹೇಳಿದ್ರ ನಮ್ಮ ವೈನಿ ನಾಲಿಗಿ ಬಿದ್ದಹೋಗತೈತ್ರಿ ಸಾಹೇಬ್ರ! ನಾ ಹೇಳತೀನಿ, ಬರಕೋರಿ."

ಹೆಸರು ಹೇಳಿದ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. ಉಳಿದ ಪ್ರಶ್ನೆಗಳಿಗೂ ಅವನದೇ ಉತ್ತರ.

"ಇವರು ಏನ್ ಕೆಲಸ ಮಾಡತಾರ?"

"ಹೆಂಗಸರು ಏನ್ ಮಾಡತಾರ್ರಿ? ಮನಿಗೆಲಸ!"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಸಾಹೇಬರು ಬರೆದುಕೊಂಡು ಹೊರಟರು. ಅವ್ವ ಮತ್ತೆ ಕುಣಿಗಿಳಿದಳು. ಓಣಿಯ ತಿರುವಿನವರೆಗೂ ಲಾಳಿಯ ಸದ್ದು ಅವರಿಗೆ ಕೇಳಿಸಿರಬೇಕು.

ಕೆಲವು ವರ್ಷಗಳಲ್ಲಿ ಅಪ್ಪ ತೀರಿಕೊಂಡ. ಆಗ ಸೊಸೈಟಿ ಆ ಯಾದಿಯಲ್ಲಿದ್ದ ನೇಕಾರರಿಗೆ ಮಾತ್ರ ನೂಲು ಕೊಡುತ್ತಿತ್ತು. ಅವ್ವನ ಜೊತೆ ನಾನೂ ಹೋಗಿದ್ದೆ.

"ಯಾದ್ಯಾಗ ನೀವು ನೇಕಾರರಲ್ರೀ ಯವ್ವಾ," ಎಂದರು ಅಲ್ಲಿಯ ಗುಮಾಸ್ತರು.

"ಮಗ್ಗದಾಗ ಕುಂಡ್ರಸ್ರಿ, ನೇದು ತೋರಸ್ತೀನಿ."

"ನನಗ ಗೊತ್ತಿಲ್ಲೇನ್ರಿ? ಹೊಸಾ ಯಾದಿ ಮ್ಯಾಲಿಂದ ಬರಬೇಕು."

ಕಾಕಾ ತಾನೇ ಹೋಗಿ ಬೇಡಿಕೊಂಡ, ತಪ್ಪು ತನ್ನದೆಂದು ಗೋಗರೆದ. ಹೊಸ ಯಾದಿ ಬರುವಷ್ಟರಲ್ಲಿ ಮಗ್ಗ ಮಾರಿಯಾಗಿತ್ತು. ಅವ್ವ ಬೇರೆಯವರ ಮನೆಗಳಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮತ್ತೆಂದೂ ಮಗ್ಗಕ್ಕೆ ಕೂಡಲಿಲ್ಲ.

ಯಾರನ್ನು ಬಯ್ಯಲಿ ಹೇಳಿ? ಸಾಹೇಬರು ಮರ್ಯಾದೆಯ ಮನುಷ್ಯ. ಕಾಕಾ ನೆರವಿಗೆಂದೇ ಎದ್ದು ಬಂದವನು. ಆದರೂ ಕದದ ಹಿಂದೆ ನಿಂತವಳನ್ನು ಒಂದು ಮಾತು ಕೇಳಬಹುದಿತ್ತು ಎಂಬುದು ಇಷ್ಟು ವರ್ಷವಾದರೂ ನನ್ನ ಎದೆಯಿಂದ ಇಳಿದಿಲ್ಲ.

ಈ ಮಧ್ಯಾಹ್ನ ಗಣತಿಯ ಹುಡುಗಿ ಬಂದಿದ್ದಳು. "ಸೊಸಿ ಏನ್ ಮಾಡತಾರ್ರಿ ಅಮ್ಮಾರ?" ಎಂದಳು. ಎಲ್ಲರ ಪರವಾಗಿ ಉತ್ತರ ಹೇಳುವುದು ಮಾಸ್ತರಿಕೆಯ ಚಟ, ಬಾಯಿ ತೆರೆದೇಬಿಟ್ಟಿದ್ದೆ. ಹೇಗೋ ತಡೆದು ಸೊಸೆಯನ್ನು ಕರೆದೆ. ಅವಳು ಬಂದವಳೇ ನನ್ನತ್ತ ತಿರುಗಿ, "ಏನಂತ ಹೇಳ್ಲಿ ಅತ್ತಿ?" ಎಂದಳು.

"ನನ್ನ ಮಾರಿ ನೋಡಬ್ಯಾಡವಾ," ಎಂದು ಎದ್ದು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡೆ.

ಅವಳು ಏನು ಬರೆಸಿದಳೋ, ನಾನು ಕೇಳಿಲ್ಲ.