ಪಾರ್ಸೆಲ್ ಕೇಳುವ ಇಂಗ್ಲಿಷ್

ಕೌಂಟರಿನ ಮುಂದೆ ನಿಂತು ನನ್ನ ತಂಗಿಯ ಪಾರ್ಸೆಲ್ ಬಂದಿದೆಯೇ ಎಂದು ಕೇಳಬೇಕಾಗಿತ್ತು. ನಾನು ಕೇಳಲಿಲ್ಲ. ಕೇಳಿದೆ ಎಂದು ಮನೆಗೆ ಬಂದು ಹೇಳಿದೆ. ಆ ಪಾರ್ಸೆಲ್‌ನಲ್ಲಿ ಇದ್ದದ್ದು ಅವಳ ಕಿವಿ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು, ಅಮ್ಮ, ತಂಗಿ ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಅಪ್ಪ ತೀರಿಕೊಂಡಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಇಬ್ಬರಲ್ಲಿ ಒಬ್ಬರು ಓದಬಹುದು, ಒಬ್ಬರು ದುಡಿಯಬೇಕು ಎಂದಾಗ ಅಮ್ಮ ಸ್ವಲ್ಪವೂ ಯೋಚಿಸದೆ ನನ್ನನ್ನು ಇಂಡಸ್ಟ್ರಿಯಲ್ ಟೌನಿನ ಒಂದು ವರ್ಕ್‌ಶಾಪಿಗೆ ಸೇರಿಸಿದಳು. ತಂಗಿ ಚೂಟಿ. ನಾನು ಲೇತ್ ಮಿಷನ್ನಿನ ಮುಂದೆ ನಿಂತು ಬೆಳೆದೆ; ಅವಳು ಪಿಯುಸಿವರೆಗೆ ಹೋದಳು. ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರೆ ಅಕ್ಕಪಕ್ಕದ ಮನೆಯವರು ರೇಡಿಯೋ ಸಣ್ಣಗೆ ಮಾಡಿ ಕೇಳುತ್ತಿದ್ದರು. ನನಗೂ ಹೆಮ್ಮೆಯಿತ್ತು. ಹೆಮ್ಮೆಯ ಕೆಳಗೆ ಇನ್ನೊಂದು ಇತ್ತು. ಅದರ ಹೆಸರು ನನಗೆ ಆಗ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಪಿಯುಸಿ ಮುಗಿಯುವ ಹೊತ್ತಿಗೆ ಅವಳಿಗೆ ಕ್ಷಯ ಅಂಟಿತು. ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟರು. ಕೆಮ್ಮು ಹೋಯಿತು, ಮೈ ತುಂಬಿಕೊಂಡಿತು. ಆದರೆ ಹಿಂದಿನಿಂದ ಕರೆದರೆ ತಿರುಗಿ ನೋಡುವುದನ್ನು ನಿಲ್ಲಿಸಿದಳು. ಇಂಜೆಕ್ಷನ್ನಿಂದ ಕೆಲವರಿಗೆ ಹೀಗಾಗುವುದುಂಟು ಎಂದು ಆಮೇಲೆ ತಿಳಿಯಿತು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಅಷ್ಟಿಷ್ಟು ಕೇಳಿಸುತ್ತಿತ್ತು. ಉಳಿದದ್ದನ್ನು ನಮ್ಮ ತುಟಿ ನೋಡಿ ಊಹಿಸುತ್ತಿದ್ದಳು. ಮಾಗಡಿ ರಸ್ತೆಯಲ್ಲಿ ಒಮ್ಮೆ ಬಸ್ಸು ಅವಳ ಸೆರಗನ್ನು ಸವರಿಕೊಂಡು ಹೋದ ಮೇಲೆ ಅಮ್ಮ ಅವಳನ್ನು ಒಬ್ಬಳನ್ನೇ ಹೊರಗೆ ಬಿಡಲಿಲ್ಲ.

ಅವಳಿಗೆ ಔಷಧಿ ಕೊಡುತ್ತಿದ್ದ ಕ್ರೈಸ್ತ ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ವಯಸ್ಸಾದವರು, ನಿಧಾನಸ್ಥೆ. ಒಂದು ದಿನ ಬೇರೆ ಯಾರದೋ ಕಿವಿ ಮಿಷನ್ ತಂದು ಅವಳಿಗೆ ಹಾಕಿದರು. ಎದೆಯ ಹತ್ತಿರ ಸಿಕ್ಕಿಸಿಕೊಳ್ಳುವ ಸಣ್ಣ ಡಬ್ಬಿ, ಅದರಿಂದ ಕಿವಿಗೊಂದು ವೈರು. ಮಾತಾಡಿ ಎಂದು ನನಗೆ ಸನ್ನೆ ಮಾಡಿದರು. ಏನು ಮಾತಾಡಬೇಕೋ ತೋಚದೆ, "ಊಟ ಆಯ್ತಾ?" ಎಂದೆ. ತಂಗಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಯ್ಯೋ ಅಣ್ಣ, ನಿನ್ ದನಿ ಇಷ್ಟ್ ಒರಟಾಗ್ ಹೋಗಿದ್ಯೇನೋ!"

ಡಾಕ್ಟರಮ್ಮ ತಮ್ಮ ಪರಿಚಯದವರಿಗೆ ಬರೆದು, ಹೊರದೇಶದಿಂದ ಅಂಥದೇ ಒಂದು ಮಿಷನ್ ಧರ್ಮಕ್ಕೆ ತರಿಸುವ ಏರ್ಪಾಡು ಮಾಡಿದರು. ನಮ್ಮ ವಠಾರದ ಟಪಾಲು ಹತ್ತಾರು ಮನೆ ಸುತ್ತಿ ಬರುತ್ತಿತ್ತು, ಕೆಲವು ಬರುತ್ತಲೇ ಇರಲಿಲ್ಲ. ಹಾಗಾಗಿ ಪಾರ್ಸೆಲ್ ಮನೆಗೆ ಬೇಡ, ಕಂಟೋನ್ಮೆಂಟಿನ ಕಡೆ ಹೊರದೇಶದ ಪಾರ್ಸೆಲ್‌ಗಳನ್ನು ಇಳಿಸುವ ಕಚೇರಿಯಲ್ಲೇ ಇರಲಿ, ಹೋಗಿ ತೆಗೆದುಕೊಳ್ಳುತ್ತೇವೆ ಎಂದು ಬರೆಸಿದರು. ನನಗೆ ಎಚ್ಚರಿಕೆಯನ್ನೂ ಹೇಳಿದರು: "ಬಿಡದೆ ಹೋಗಿ ಕೇಳ್ತಾ ಇರಿ. ಸ್ವಲ್ಪ ದಿನ ಇಟ್ಕೋತಾರೆ. ಯಾರೂ ಬರ್ಲಿಲ್ಲ ಅಂದ್ರೆ ವಾಪಸ್ ಕಳಿಸ್ಬಿಡ್ತಾರೆ."

ಇದೇ ಹೊತ್ತಿಗೆ ಬಸವೇಶ್ವರನಗರದಲ್ಲಿ ಒಬ್ಬ ಹೆಂಗಸು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಶಿಶುವಿಹಾರ ತೆರೆದಿದ್ದರು. ತಂಗಿಯ ಇಂಗ್ಲಿಷ್ ನೋಡಿ ಅವರಿಗೆ ಇಷ್ಟವಾಗಿತ್ತು. "ಮಕ್ಕಳು ಮಿಸ್ ಅಂತ ಕರೆದ್ರೆ ಕೇಳಿಸೋಷ್ಟಾದ್ರೂ ಆಗ್ಬೇಕಮ್ಮ. ಮಿಷನ್ ಬರ್ಲಿ, ಜೂನ್‌ವರೆಗೂ ಕಾಯ್ತೀನಿ" ಎಂದಿದ್ದರು. ಅಂದಿನಿಂದ ತಂಗಿಯ ಬಾಯಲ್ಲಿ ಪಾರ್ಸೆಲ್ ಬಿಟ್ಟು ಬೇರೆ ಮಾತಿರಲಿಲ್ಲ. ಅವಳ ಪಾಲಿಗೆ ಅದು ಕಿವಿಯೂ ಹೌದು, ಕೆಲಸವೂ ಹೌದು, ವಠಾರದ ಗೇಟು ದಾಟುವ ಪರವಾನಗಿಯೂ ಹೌದು.

ಆಗ ಕರೆಂಟಿನ ಕೊರತೆಯಿಂದ ಒಂದೊಂದು ಕಡೆಯ ಕಾರ್ಖಾನೆಗೆ ಒಂದೊಂದು ದಿನ ವಾರದ ರಜೆ. ನಮಗೆ ಬುಧವಾರ. ಕಚೇರಿಗಳು ತೆರೆದಿರುವ ದಿನ ನಮ್ಮ ಮನೆಯಲ್ಲಿ ಬಿಡುವಿದ್ದವನು ನಾನೊಬ್ಬನೇ. ಅಮ್ಮನಿಗೆ ಅಕ್ಷರ ಬಾರದು, ತಂಗಿಗೆ ಕಿವಿ ಕೇಳದು. ನನ್ನನ್ನು ತಯಾರು ಮಾಡುವುದೆಂದು ನಿಶ್ಚಯವಾಯಿತು.

ಆ ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಕೇಳಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೊರದೇಶದ ಸಾಮಾನು, ದೊಡ್ಡ ಕಟ್ಟಡ, ಕಂಟೋನ್ಮೆಂಟು; ಇಂಗ್ಲಿಷ್ ಇಲ್ಲದಿದ್ದರೆ ಹೇಗೆ ಎಂದು ನಾವೇ ತೀರ್ಮಾನಿಸಿದೆವು. ಅದರಲ್ಲೂ ಮರ್ಯಾದೆಯ ಇಂಗ್ಲಿಷ್ ಆಗಬೇಕೆಂದು ತಂಗಿಯ ಹಟ. ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಳು.

"ಎಕ್ಸ್‌ಕ್ಯೂಸ್ ಮಿ ಸಾರ್. ಮೇ ಐ ನೋ ಇಫ್ ಮೈ ಸಿಸ್ಟರ್ಸ್ ಪಾರ್ಸೆಲ್ ಹ್ಯಾಸ್ ಅರೈವ್ಡ್?"

"ಬಂತಾ ಅಂತ ಕೇಳೋಕೆ ಇಷ್ಟುದ್ದನಾ?"

"ಬಂತಾ ಅಂತ ಕೇಳೋದಲ್ಲ ಕಣೋ. ನಾನು ತಿಳ್ಕೋಬಹುದಾ ಅಂತ ಅಪ್ಪಣೆ ಕೇಳೋದು."

"ಅಪ್ಪಣೆ ಕೇಳೋಕೂ ಅಪ್ಪಣೆನಾ!"

ಅವಳು ನಕ್ಕು ತಲೆಗೆ ಮೊಟಕಿದಳು. ಬಂದಿಲ್ಲ ಎಂದರೆ, "ಕುಡ್ ಯು ಕೈಂಡ್ಲಿ ಚೆಕ್ ಒನ್ಸ್ ಅಗೇನ್?" ಆಗಲೂ ಇಲ್ಲ ಎಂದರೆ, "ವೆನ್ ಮೇ ಐ ಎಕ್ಸ್‌ಪೆಕ್ಟ್ ಇಟ್, ಸಾರ್?" ನಮ್ಮ ಮಾತಿನಲ್ಲಿ 'ಸ್ವಲ್ಪ ನೋಡಿ ಸಾರ್' ಎಂದರೆ ಆ 'ಸ್ವಲ್ಪ'ದಲ್ಲೇ ಎಲ್ಲ ವಿನಯವೂ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಎಷ್ಟೊಂದು ಮೆಟ್ಟಿಲು ಹತ್ತಬೇಕಿತ್ತು! ನಾನು ಹೇಳಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ನನ್ನ ತುಟಿಗಳನ್ನೇ ನೋಡುತ್ತ, ಸರಿ ಎಂದೋ ತಪ್ಪು ಎಂದೋ ತಲೆಯಾಡಿಸುತ್ತಿದ್ದಳು. 'ಅರೈವ್ಡ್' ಎನ್ನುವಾಗ ಕೆಳತುಟಿ ಹಲ್ಲಿಗೆ ತಾಗಬೇಕೆಂದು ತನ್ನ ಬೆರಳಿನಿಂದ ನನ್ನ ತುಟಿ ಒತ್ತಿ ತೋರಿಸುತ್ತಿದ್ದಳು. ಬೇಸರವಾದಾಗ ನಾನು ದನಿಯೇ ಇಲ್ಲದೆ ಬರೀ ತುಟಿ ಆಡಿಸುತ್ತಿದ್ದೆ. ಆಗಲೂ, "ಸರಿಯಾಗಿದೆ!" ಎಂದು ಕೈ ತಟ್ಟುತ್ತಿದ್ದಳು. ಅವಳಿಗೆ ಮೋಸ ಮಾಡುವುದು ಎಷ್ಟು ಸುಲಭ ಎಂದು ನಾನು ಕಲಿತದ್ದು ಆ ಪಾಠದಲ್ಲೇ.

ಮೊದಲ ಬುಧವಾರ ಒಗೆದ ಶರಟು ಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬಾಯಿಪಾಠ ಮಾಡಿದೆ. ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಒಂದೇ ಉಸಿರಿಗೆ ಒಪ್ಪಿಸಿದೆ. ತಪ್ಪಿಲ್ಲದೆ ಒಪ್ಪಿಸಿದೆನೆಂದೇ ಈಗಲೂ ನಂಬಿದ್ದೇನೆ. ಕೌಂಟರಿನಲ್ಲಿದ್ದವರು ತಲೆಯೆತ್ತಿ ನೋಡಿ, ಅಷ್ಟೇ ಸರಾಗವಾಗಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಎಲ್ಲಿಂದ ಬರುತ್ತಿದೆ, ಕಳಿಸಿದವರು ಯಾರು ಎಂದಿರಬೇಕು. ಅವರೂ ಒಂದು ಪ್ರಶ್ನೆ ಕೇಳಬಹುದೆಂದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ನಾನು ಗಾಬರಿಯಾಗಿ ಮೊದಲಿನ ವಾಕ್ಯವನ್ನೇ ಮತ್ತೆ ಹೇಳಿದೆ. ಅವರು ಮತ್ತೆ ಕೇಳಿದರು. ನಾನು ಎರಡನೆಯ ವಾಕ್ಯ ಹೇಳಿದೆ.

ಹಿಂದೆ ನಿಂತಿದ್ದವನೊಬ್ಬ ನಕ್ಕ. "ಏನ್ ಗುರು, ಪದ್ಯ ಬಾಯಿಪಾಠ ಮಾಡ್ಕೊಂಡ್ ಬಂದಿದೀಯಾ? ಮೂರನೇ ಚರಣನೂ ಹೇಳ್ಬಿಡು, ಬೇಗ ಸಾಲು ಸಾಗ್ಲಿ."

ಸಾಲೆಲ್ಲ ನಕ್ಕಿತು. ಕೌಂಟರಿನವರು ನಗಲಿಲ್ಲ. ಅವರು ಕನ್ನಡದಲ್ಲೇ, "ಪರವಾಗಿಲ್ಲ, ಕನ್ನಡದಲ್ಲೇ ಹೇಳಿ" ಎಂದರು. ಅದು ನನ್ನ ಕಿವಿಗೆ ಬಿದ್ದಿತು. ನನ್ನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನಾನು ಸಾಲು ಬಿಟ್ಟು ಮೆಟ್ಟಿಲ ಹತ್ತಿರ ಬಂದಾಗಿತ್ತು. ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು, ಮತ್ತು ಆ ಉರಿ ನಕ್ಕವನ ಮೇಲಲ್ಲ, ತಂಗಿಯ ಮೇಲೆ. ನನ್ನ ಓದು ಕಿತ್ತುಕೊಂಡು ಓದಿದವಳು ಈಗ ತನ್ನ ಇಂಗ್ಲಿಷನ್ನು ನನ್ನ ಬಾಯಿಗೆ ತುರುಕಿ ಊರಿನ ಮುಂದೆ ಕುಣಿಸುತ್ತಿದ್ದಾಳೆ ಎನಿಸಿತು. ಅವಳು ಏನನ್ನೂ ಕಿತ್ತುಕೊಂಡಿರಲಿಲ್ಲ. ಅಪ್ಪ ಸತ್ತಾಗ ಅವಳಿನ್ನೂ ಲಂಗ ತೊಟ್ಟುಕೊಂಡು ಓಡಾಡುವ ಮಗು. ಅದು ನನಗೆ ಆಗಲೂ ಗೊತ್ತಿತ್ತು.

ಮನೆಗೆ ಬಂದೆ. ಬಾಗಿಲಲ್ಲೇ ನಿಂತಿದ್ದಳು. "ಇನ್ನೂ ಬಂದಿಲ್ವಂತೆ" ಎಂದೆ.

"ಮೇ ಐ ನೋ ಅಂದ್ಯಾ?"

"ಅಂದೆ."

"ನಗ್ತಾ ಅಂದ್ಯಾ? ನೀನು ಮುಖ ಗಂಟು ಹಾಕ್ಕೊಂಡು ಕೇಳಿರ್ತೀಯ."

ಮುಂದಿನ ಬುಧವಾರದಿಂದ ನಾನು ಮೆಜೆಸ್ಟಿಕ್ ದಾಟಿ ಮುಂದೆ ಹೋಗಲಿಲ್ಲ. ಅಲ್ಲೇ ಇಳಿದು, ಯಾವುದಾದರೂ ಟಾಕೀಸಿನಲ್ಲಿ ಮ್ಯಾಟಿನಿ ನೋಡಿ, ಹೋಟೆಲಿನಲ್ಲಿ ಕಾಫಿ ಕುಡಿದು ಹಿಂದಿರುಗುತ್ತಿದ್ದೆ. ಪ್ರತಿ ಸಲವೂ ಬಂದಿಲ್ಲ ಎನ್ನುತ್ತಿದ್ದೆ. ತಂಗಿ ನನ್ನನ್ನು ಅನುಮಾನಿಸಲಿಲ್ಲ, ವಾಕ್ಯವನ್ನು ಅನುಮಾನಿಸಿದಳು. ಮರ್ಯಾದೆ ಸಾಲದೇ ಹೋಯಿತೇನೋ ಎಂದು ಪ್ರತಿ ವಾರ ಇನ್ನಷ್ಟು ಮೆತ್ತಗಿನ ವಾಕ್ಯ ಕಟ್ಟಿಕೊಡುತ್ತಿದ್ದಳು. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ ಎಂಬುದೊಂದು, ತಮ್ಮ ಸಹಾಯಕ್ಕೆ ಸದಾ ಕೃತಜ್ಞರು ಎಂಬುದೊಂದು. ನಾನು ತುಟಿ ಆಡಿಸುತ್ತಿದ್ದೆ. ಸಂಜೆ ಬಂದು, "ನೆಕ್ಸ್ಟ್ ವೀಕ್ ಅಂದ್ರು" ಎಂದು ಅವರ ಬಾಯಲ್ಲೂ ಇಂಗ್ಲಿಷ್ ಇಟ್ಟು ಹೇಳುತ್ತಿದ್ದೆ. ಅಷ್ಟು ಕಲಿತಿದ್ದೆ.

ಜೂನ್ ಬಂತು. ಶಿಶುವಿಹಾರದವರು ಬೇರೆಯವರನ್ನು ಇಟ್ಟುಕೊಂಡರು. ಅದಾದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆಸಿದರು. ಅವರು ಸಾಮಾನ್ಯವಾಗಿ ತಂಗಿಗೆ ಚೀಟಿಯ ಮೇಲೆ ಬರೆದು ತೋರಿಸುತ್ತಿದ್ದರು. ಅಂದು ಹೊರಗೆ ರೋಗಿಗಳು ತುಂಬಿದ್ದರು. ನನಗೇ ಬಾಯಲ್ಲಿ ಹೇಳಿದರು.

"ಪಾರ್ಸೆಲ್ ಬಂದಿತ್ತಂತೆ. ಯಾರೂ ಕೇಳ್ಲಿಲ್ಲ ಅಂತ ವಾಪಸ್ ಹೋಗಿದೆ. ಅಲ್ಲಿಯವರು ಅದನ್ನ ಬೇರೆ ಯಾರಿಗೋ ಕೊಟ್ಟಾಯ್ತು. ನೀವು ಹೋಗಿರ್ಲಿಲ್ವಾ?"

"ಪ್ರತಿ ವಾರ ಹೋಗಿ ಕೇಳಿದೀನಿ ಡಾಕ್ಟರಮ್ಮ."

ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ನಾನು ಮುಖವನ್ನು ಆಚೆ ತಿರುಗಿಸಿಕೊಂಡೇ ಮಾತಾಡಿದೆ, ತುಟಿ ಕಾಣಬಾರದೆಂದು. ಹೊರಗೆ ಬಂದ ಮೇಲೆ, "ಏನಂತೆ?" ಎಂದು ನನ್ನ ತೋಳು ಹಿಡಿದಳು.

"ಕಳೆದು ಹಾಕಿದಾರಂತೆ" ಎಂದೆ, ಈ ಸಲ ಅವಳಿಗೆ ಸ್ಪಷ್ಟವಾಗಿ ಕಾಣುವ ಹಾಗೆ.

ಎರಡನೆಯ ಮಿಷನ್ನಿಗೆ ಬರೆಯುತ್ತೇನೆ ಎಂದಿದ್ದ ಡಾಕ್ಟರಮ್ಮ ನಿವೃತ್ತರಾಗಿ ಊರಿಗೆ ಹೋದರು. ಆಮೇಲೆ ಬಂದವರಿಗೆ ನಮ್ಮ ಗುರುತಿರಲಿಲ್ಲ. ತಂಗಿ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯತೊಡಗಿದಳು. ಪಿಯುಸಿ ಓದಿದ ಬೆರಳುಗಳು ಕಪ್ಪಾದವು, ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗಲಿಲ್ಲ. ನೋಡಲು ಬಂದ ಗಂಡುಗಳು ಕಾಫಿ ಕುಡಿದು ಎದ್ದು ಹೋದರು. ಒಬ್ಬನಂತೂ ಅವಳ ಎದುರಿಗೇ, "ಹೆಂಗೂ ಕೇಳಿಸಲ್ವಲ್ಲ" ಎಂದು ಅವಳ ಬಗ್ಗೆ ಹಾಸ್ಯ ಮಾಡಿದ. ನಾನು ಅವನನ್ನು ಹೊರಗೆ ತಳ್ಳಿದೆ. ಅಮ್ಮ ನನ್ನನ್ನು ಎಂಥ ಅಣ್ಣ ಎಂದು ಹೊಗಳಿದಳು.

ಆ ಮನುಷ್ಯನಿಗಿಂತ ನಾನು ಹೆಚ್ಚೇನೂ ಒಳ್ಳೆಯವನಾಗಿರಲಿಲ್ಲ. ತಂಗಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುವಾಗ, ಅವಳ ಹಿಂದೆ ನಿಂತು, ತಪ್ಪಾಯಿತು ಎಂದು ಎಷ್ಟೋ ಸಲ ಪಿಸುಗುಟ್ಟಿದ್ದೇನೆ. ಹೇಳಿದ ಮೇಲೆ ಎದೆ ಹಗುರಾಗುತ್ತಿತ್ತು, ಅನ್ನ ಸೇರುತ್ತಿತ್ತು. ಅಂಥ ನಾಚಿಕೆಗೇಡಿನ ನೆಮ್ಮದಿಯಲ್ಲೇ ಒಂದೆರಡು ವರ್ಷ ಕಳೆದೆ.

ಒಂದು ಬುಧವಾರ ಮಧ್ಯಾಹ್ನ ತಂಗಿ ಹೊಸ್ತಿಲ ಬಳಿ ಊದುಬತ್ತಿಯ ಮಣೆ ಇಟ್ಟುಕೊಂಡು ಕೂತಿದ್ದಳು. ಎದುರು ಮನೆಯಾಕೆ ತನ್ನ ಅಣ್ಣ ಏನೂ ಮಾಡುವುದಿಲ್ಲವೆಂದು ಕೈಸನ್ನೆ ಮಾಡಿ ದೂರುತ್ತಿದ್ದಳು.

"ನಮ್ಮಣ್ಣ ಹಂಗಲ್ಲ ಕಣ್ರೀ" ಎಂದಳು ತಂಗಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ. "ನನಗೋಸ್ಕರ ಪ್ರತಿ ವಾರ ಹೋಗಿ ಎಷ್ಟು ಚೆನ್ನಾಗ್ ಇಂಗ್ಲಿಷಲ್ಲಿ ಕೇಳ್ದ ಗೊತ್ತಾ? ಅವ್ರೇ ಪಾಪಿಗಳು, ಕಳೆದು ಹಾಕಿದ್ರು."

ಒಳಗೆ ಉಣ್ಣುತ್ತಿದ್ದ ನಾನು ತಟ್ಟೆ ಸರಿಸಿದೆ. ಎದ್ದು ಬಂದು ಅವಳ ಮುಂದೆ ಕೂತೆ. ಮಣೆಯನ್ನು ಪಕ್ಕಕ್ಕೆ ಸರಿಸಿದೆ.

"ಪಾರ್ಸೆಲ್ ಬಂದಿತ್ತು" ಎಂದೆ.

"ಯಾರ್ದು?"

"ನಿಂದು. ಕಿವಿ ಮಿಷನ್ನು. ನಾನು ಕೇಳ್ಲಿಲ್ಲ."

ಅವಳಿಗೆ ಅರ್ಧ ಕಂಡಿತು, ಅರ್ಧ ಕಾಣಲಿಲ್ಲ. "ಹಳೇದೆಲ್ಲ ಯಾಕೀಗ? ನೀನ್ ಕೇಳ್ದೆ, ಅವ್ರು ಕೊಡ್ಲಿಲ್ಲ. ಬಿಡು" ಎಂದು ಮಣೆ ಎಳೆದುಕೊಂಡಳು.

ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಹೇಳಿದೆನೆಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ.

"ಕೇಳ್ಲೇ ಇಲ್ಲ ಕಣೇ! ಒಂದೇ ಸಲ ಹೋಗಿದ್ದು. ಆಮೇಲೆ ಮೆಜೆಸ್ಟಿಕ್ಕಲ್ಲಿ ಸಿನಿಮಾ ನೋಡ್ಕೊಂಡ್ ಬರ್ತಿದ್ದೆ. ಅವ್ರು ಕಳೆದು ಹಾಕ್ಲಿಲ್ಲ. ನಾನು ಹೋಗ್ಲಿಲ್ಲ ಅಂತ ವಾಪಸ್ ಹೋಯ್ತು!"

ವಠಾರದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಎದುರು ಮನೆಯಾಕೆ ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದು ನಿಂತಳು. ಅಮ್ಮ ಅಡುಗೆಮನೆಯಿಂದ ಬಂದು ಗೋಡೆ ಹಿಡಿದುಕೊಂಡಳು. ತಂಗಿಯ ಕೈ ಬತ್ತಿಯ ಮೇಲೆ ನಿಂತಿತು. ನನ್ನನ್ನು ನೋಡಲಿಲ್ಲ. ಒಂದೇ ಮಾತು ಕೇಳಿದಳು.

"ಯಾಕೆ?"

"ನಕ್ಕರು ಅಂತ" ಎಂದು ಕೂಗಿದೆ. ಅದಷ್ಟೇ ನಿಜವಲ್ಲ. ಮತ್ತೆ ಕೂಗಿದೆ: "ನೀನು ಓದ್ದೆ, ನಾನ್ ಓದ್ಲಿಲ್ಲ ಅಂತ. ಹೊಟ್ಟೆಕಿಚ್ಚು ಕಣೇ."

ಅವಳು ನಿಧಾನವಾಗಿ ಮುಖವೆತ್ತಿ ನನ್ನ ತುಟಿಗಳನ್ನೇ ನೋಡುತ್ತ ಕೂತಳು. ಇನ್ನು ದನಿಯಿಲ್ಲದೆ ಆಡಿಸಿದರೆ ಆಗುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದಾಗ, ಗಂಟಲು ಒಡೆಯುವ ಹಾಗೆ ಹೇಳಿದೆ:

"ತಪ್ಪಾಯ್ತು ಕಣೇ. ನಿನ್ನ ಕಿವಿ ಕಳೆದೋನು ನಾನೇ. ನನ್ನಿಂದ ತಪ್ಪಾಯ್ತು."